ಗೋಡೆಯಾಚೆ ರೊಟ್ಟಿಯ ಸಪ್ಪಳ

ವೆಂಬ್ಲಿಯ ಕನ್ನಡ ಮಂದಿ ಯುಗಾದಿಗೆಂದು ಶಾಲೆಯೊಂದರ ಹಾಲ್ ಬಾಡಿಗೆಗೆ ಹಿಡಿದು ಸೇರಿದಾಗಲೆಲ್ಲ ನಮ್ಮ ಮನೆಯ ಕತೆ ಒಂದು ಸಲವಾದರೂ ಹೊರಗೆ ಬರುತ್ತದೆ. ಹೇಳುವವರು ನಾವಲ್ಲ. ಆ ಕಾಲದಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನಲ್ಲಿದ್ದ ಬಿಜಾಪುರದ ಕಾಕು. ಊಟದ ತಟ್ಟೆ ಹಿಡಿದವರನ್ನು ಸುತ್ತ ನಿಲ್ಲಿಸಿಕೊಂಡು ಶುರು ಮಾಡುತ್ತಾರೆ:

"ಅಡಗಿ ಮನ್ಯಾಗ ನಿಂತಿದ್ನಿ ನೋಡ್ರಿ. ಗ್ವಾಡಿ ಆ ಕಡಿಯಿಂದ ಪಟ್ ಪಟ್ ಪಟ್ ಅಂತ ಸಪ್ಪಳ. ಅಯ್ಯ ಶಿವನ, ಇದು ಜ್ವಾಳದ ರೊಟ್ಟಿ ಬಡಿಯೂ ಸಪ್ಪಳ! ಈ ಲಂಡನ್ನಿನ್ಯಾಗ! ಓಡಿ ಹೋಗಿ ಬಾಗಲಾ ಬಡದ್ನಿ. ಬಾಗಲಾ ತಗದಾಕಿನ ಈಕಿ ನನ್ನ ತೆಕ್ಕಿ ಬಿದ್ದು ಅತ್ತು ಅತ್ತು ಸಾಕಾದ್ಲು. ಯುದ್ಧದಾಗಿಂದ ಮಕ್ಕಳ್ನ ಕಟ್ಟಿಕೊಂಡು ಓಡಿ ಬಂದಿದ್ರು, ಪಾಪ. ಅವತ್ತಿನಿಂದ ಇವ್ರು ನಮ್ಮ ಮನಿಯವ್ರು."

ಬೆಂಗಳೂರಿನಿಂದ ಹೊಸದಾಗಿ ಬಂದ ಸಾಫ್ಟ್‌ವೇರ್ ದಂಪತಿಗಳು "ಅಯ್ಯೋ, ಎಷ್ಟು ಚೆನ್ನಾಗಿದೆ ಅಲ್ವಾ!" ಎನ್ನುತ್ತಾರೆ. ಯಾರಾದರೊಬ್ಬರು ಕಣ್ಣೊರೆಸಿಕೊಳ್ಳುತ್ತಾರೆ. ಪಕ್ಕದಲ್ಲೇ ನಿಂತ ನಮ್ಮ ಅವ್ವ ತಲೆಯಾಡಿಸುತ್ತಾಳೆ.

ನನ್ನ ತಕರಾರು ಇರುವುದು ಇಲ್ಲಿ. ಸಪ್ಪಳ ನಿಜ. ಕಾಕು ಬಾಗಿಲು ಬಡಿದದ್ದೂ ನಿಜ. ತೆಕ್ಕೆ ಬಿದ್ದು ಅತ್ತದ್ದು ಕೂಡ ಒಂದು ದಿನ ಆದದ್ದೇ. ಆದರೆ ಬಾಗಿಲು ಬಡಿದದ್ದಕ್ಕೂ ತೆಕ್ಕೆ ಬಿದ್ದದ್ದಕ್ಕೂ ನಡುವೆ ಒಂದು ಚಳಿಗಾಲವೇ ಇತ್ತು. ಕಾಕು ಅದನ್ನು ಇಡಿಯಾಗಿ ಎತ್ತಿ ಪಕ್ಕಕ್ಕಿಟ್ಟು ಎರಡು ತುದಿಗಳನ್ನು ಗಂಟು ಹಾಕಿಬಿಟ್ಟಿದ್ದಾರೆ. ಚರ್ಚಾಸ್ಪರ್ಧೆಗೆ ನಮ್ಮನ್ನು ತಯಾರು ಮಾಡುತ್ತಿದ್ದ ಶಾಲೆಯ ಮೇಷ್ಟ್ರು ಹೇಳುತ್ತಿದ್ದದ್ದು ಇದನ್ನೇ: ಎದುರಾಳಿಯ ಕತೆ ಎಲ್ಲರಿಗೂ ಹಿಡಿಸಿತು ಎಂದರೆ ಅದರಿಂದ ಏನನ್ನು ತೆಗೆದಿದ್ದಾರೆಂದು ಮೊದಲು ನೋಡು. ಇಲ್ಲಿ ತೆಗೆದದ್ದು ಭಯವನ್ನು. ನಮ್ಮದನ್ನೂ, ಅವರದನ್ನೂ.

ಅವ್ವ ಧಾರವಾಡದವಳು. ಅಪ್ಪ ಜಾಫ್ನಾದ ತಮಿಳ. ಕೃಷಿ ಓದಲೆಂದು ಧಾರವಾಡಕ್ಕೆ ಬಂದವನು ಹಾಸ್ಟೆಲಿನ ಕನ್ನಡ ಕಲಿತು, ಅವ್ವನನ್ನು ಮದುವೆಯಾಗಿ, ತನ್ನೂರಿಗೆ ಕರೆದುಕೊಂಡು ಹೋದ. ಅಜ್ಜ ಅಂದೇ ಮಗಳ ಜೊತೆ ಮಾತು ಬಿಟ್ಟ. ನಾನೂ ತಮ್ಮನೂ ಹುಟ್ಟಿದ್ದು ಜಾಫ್ನಾದಲ್ಲಿ. ಅಲ್ಲಿ ಮನೆಯೊಳಗೆ ಅವ್ವನ ಕನ್ನಡ, ಅಂಗಳದಲ್ಲಿ ತಮಿಳು, ಮೇಲೆ ವಿಮಾನ. ಸೈರನ್ ಕೇಳಿದರೆ ಮೇಜಿನ ಕೆಳಗೆ ನುಗ್ಗುವುದು ನನಗೆ ಅಕ್ಷರ ಬರುವ ಮೊದಲೇ ಬಂದ ವಿದ್ಯೆ. ಒಂದು ಸಲ ಸೈನಿಕರು ಅಪ್ಪನನ್ನು ಒಯ್ದು ಕೆಲವು ವಾರ ಇಟ್ಟುಕೊಂಡಿದ್ದರು. ಅದಕ್ಕೆ ಮೊದಲು ಬಾವಿಕಟ್ಟೆಯ ಮೇಲೆ ಎಲ್ಲರೆದುರು ಸ್ನಾನ ಮಾಡುತ್ತಿದ್ದವನು, ಮರಳಿದ ಮೇಲೆ ಅಂಗಿ ತೊಟ್ಟುಕೊಂಡೇ ನೀರು ಹೊಯ್ದುಕೊಳ್ಳತೊಡಗಿದ. ತೊಂಬತ್ತರ ದಶಕದ ನಡುವೆ ಊರಿಗೆ ಊರೇ ಎದ್ದು ನಡೆದಾಗ ನಾವೂ ನಡೆದೆವು. ಕೊಲಂಬೊದಲ್ಲಿ ಒಬ್ಬ ಏಜೆಂಟ್ ನಮ್ಮನ್ನು ಲಂಡನ್ನಿನ ವಿಮಾನ ಹತ್ತಿಸಿದ.

ಹತ್ತಿಸುವ ಮುಂಚೆ ಅವನು ಅಪ್ಪನಿಗೆ ಒಂದು ಮಾತು ಹೇಳಿದ್ದ. ಹೆಂಡತಿ ಇಂಡಿಯಾದವಳು ಅಂತ ಬಾಯಿ ಬಿಟ್ಟರೆ ಆಶ್ರಯ ಕೇಳುವ ಕೇಸು ಅಲ್ಲಿಗೇ ಮುಗಿಯಿತು. ಅವಳೂ ಜಾಫ್ನಾದವಳೇ. ಇಲ್ಲದಿದ್ದರೆ ಲಂಡನ್ನಿನ ಅಧಿಕಾರಿಗಳು ಕೇಳುವುದು ಒಂದೇ ಪ್ರಶ್ನೆ: ಇಷ್ಟು ದೂರ ಯಾಕೆ ಬಂದಿರಿ, ಹೆಂಡತಿಯ ತವರಿಗೆ ಹೋಗಬಹುದಿತ್ತಲ್ಲ?

ಪ್ರಶ್ನೆ ನ್ಯಾಯವಾದದ್ದೇ. ನಾನೇ ಆ ಕಡೆಯ ವಕೀಲಳಾಗಿದ್ದರೂ ಅದನ್ನೇ ಕೇಳುತ್ತಿದ್ದೆ. ಉತ್ತರವೂ ಇತ್ತು. ಆ ವರ್ಷಗಳಲ್ಲಿ ಭಾರತದಲ್ಲಿ ಜಾಫ್ನಾದ ಗಂಡಸು ಎಂದರೆ ಪೊಲೀಸರಿಗೆ ಮೊದಲು ಅನುಮಾನ, ಆಮೇಲೆ ಹೆಸರು. ತವರಿನ ಬಾಗಿಲು ಮುಚ್ಚಿ ಹತ್ತು ವರ್ಷ ದಾಟಿತ್ತು. ಆದರೆ ಈ ಉತ್ತರ ಹೇಳಲು ಅರ್ಧ ಗಂಟೆ ಬೇಕು, ಪ್ರಶ್ನೆಗೆ ಅರ್ಧ ನಿಮಿಷ ಸಾಕು. ಅಪ್ಪ ಏಜೆಂಟನ ಮಾತು ಕೇಳಿದ. ಅವ್ವ ಜಾಫ್ನಾದವಳಾದಳು. ಹೀಗೆ, ನಿಜವಾದ ಗಾಯದ ಗುರುತುಗಳಿದ್ದ ಕೇಸಿನೊಳಗೆ ಒಂದು ಸುಳ್ಳು ಸೇರಿಕೊಂಡಿತು. ಅವತ್ತಿನಿಂದ ನಾವು ಹೆದರಿದ್ದು ಆ ಸುಳ್ಳಿಗೆ.

ಕೌನ್ಸಿಲ್ಲಿನವರು, ಅಂದರೆ ಅಲ್ಲಿನ ನಗರಸಭೆಯವರು, ನಮ್ಮನ್ನು ಹಾಕಿದ್ದು ವೆಂಬ್ಲಿಯ ಒಂದು ಹಳೆಯ ಕಟ್ಟಡದ ನಾಲ್ಕನೇ ಮಹಡಿಗೆ. ಅಲ್ಲಿ ಅಪ್ಪನ ಕಾನೂನುಗಳು ಶುರುವಾದವು. ಕನ್ನಡ ಮನೆಯೊಳಗೆ ಮಾತ್ರ, ಅದೂ ಟಿವಿ ಹಚ್ಚಿಟ್ಟು. ಹೊಸ್ತಿಲು ದಾಟಿದರೆ ತಮಿಳು, ಇಲ್ಲವೇ ಇಂಗ್ಲಿಷ್. ಹೊರಗೆ 'ಅವ್ವಾ' ಎನ್ನುವ ಹಾಗಿಲ್ಲ, 'ಅಮ್ಮಾ' ಎನ್ನಬೇಕು. ತಮ್ಮನಿಗೆ ಆಗ ನಾಲ್ಕು ವರ್ಷ. ಅವನು ಬಸ್ಸಿನಲ್ಲಿ ಬಾಯಿ ತೆರೆದರೆ ಸಾಕು, ನಾನು ಕಿಟಕಿಯಾಚೆ ಏನಾದರೊಂದನ್ನು ತೋರಿಸುತ್ತಿದ್ದೆ. ಒಂದು ದಿನ ಈಲಿಂಗ್ ರೋಡಿನ ಗುಜರಾತಿ ಅಂಗಡಿಯಲ್ಲಿ ಅವ್ವ ಬದನೆಕಾಯಿ ಆರಿಸುತ್ತಿದ್ದಾಗ ಬೆನ್ನ ಹಿಂದೆ ಯಾರೋ ಒಬ್ಬಾಕೆ, "ಇವು ಬ್ಯಾಡ್ರಿ, ಬೀಜ ಭಾಳ ಅದಾವ" ಎಂದಳು. ಅಚ್ಚ ಧಾರವಾಡದ ದನಿ. ತನ್ನ ಗಂಡನಿಗೆ ಹೇಳಿದ್ದು, ಅಷ್ಟೇ. ಅವ್ವ ಆರಿಸಿದ ಬದನೆಕಾಯಿ ಅಲ್ಲೇ ಬಿಟ್ಟು ನಮ್ಮಿಬ್ಬರ ಕೈ ಎಳೆದುಕೊಂಡು ಬೀದಿಗೆ ಬಂದಳು. ಬಸ್ ಸ್ಟಾಪಿನವರೆಗೂ ಹಿಂದೆ ತಿರುಗಲಿಲ್ಲ. ತನ್ನೂರಿನ ಮಾತು ಕೇಳಿ ಓಡಿದ ಹೆಂಗಸು ಆ ರಸ್ತೆಯಲ್ಲಿ ಅವಳೊಬ್ಬಳೇ ಇರಬೇಕು.

ಅದೇ ಅಂಗಡಿಯಲ್ಲಿ ಜೋಳದ ಹಿಟ್ಟೂ ಸಿಗುತ್ತಿತ್ತು. ಗುಜರಾತಿಗಳೂ ತಿನ್ನುತ್ತಾರಾದ್ದರಿಂದ ಅದನ್ನು ಕೊಳ್ಳುವುದರಲ್ಲಿ ಅಪಾಯವಿಲ್ಲ ಎಂದು ಅಪ್ಪ ಒಪ್ಪಿದ್ದ. ಹಿಟ್ಟು ಬಂದು ಕೆಲವು ವಾರ ಹಾಗೇ ಕೂತಿತ್ತು. ಮೊದಲ ಅರ್ಜಿ ತಿರಸ್ಕೃತವಾಗಿ ಅಪ್ಪ ಮೇಲ್ಮನವಿಯ ಮಾತಿಗೆಂದು ವಕೀಲರ ಕಡೆ ಹೋಗಿದ್ದ ಒಂದು ಮಧ್ಯಾಹ್ನ ಅವ್ವ ನೀರು ಕಾಯಿಸಿ, ಹಿಟ್ಟು ನಾದಿ, ಒಲೆಯ ಪಕ್ಕದ ಕಟ್ಟೆಯ ಮೇಲೆ ರೊಟ್ಟಿ ಬಡಿಯಲು ನಿಂತಳು. ಅಂಗೈ ಬಿದ್ದಂತೆಲ್ಲ ರೊಟ್ಟಿ ಸುತ್ತುತ್ತ ದೊಡ್ಡದಾಯಿತು. ಎರಡನೆಯದು ಹಂಚಿನ ಮೇಲಿತ್ತು, ಮೂರನೆಯದು ಕೈಯಲ್ಲಿತ್ತು. ಬಾಗಿಲ ಮೇಲೆ ಗುದ್ದು ಬಿತ್ತು.

"ಯಾರದೀರವ್ವಾ ಒಳಗ? ರೊಟ್ಟಿ ಬಡಿಲಾಕತ್ತೀರೇನು?"

ಅವ್ವ ಕಲ್ಲಾದಳು. ಆಗ ನನಗೆ ಅನಿಸಿದ್ದು ಒಂದೇ: ಬಂದರು. ಯಾರು ಎಂದು ಕೇಳಬೇಡಿ, ಬರುವವರು ಯಾವಾಗಲೂ 'ಬಂದರು' ಅಷ್ಟೇ.

"ನಾ ಬಾಜು ಮನ್ಯಾಕಿ. ಬಿಜಾಪುರದಾಕಿ. ತಗೀರಿ ಬಾಗಲಾ!"

ಹಂಚಿನ ಮೇಲಿನ ರೊಟ್ಟಿ ತನ್ನ ಕೆಲಸ ಮಾಡಿತು. ಕಮಟು ವಾಸನೆ, ಹೊಗೆ, ಅದರ ಹಿಂದೆಯೇ ಚಾವಣಿಯ ಸ್ಮೋಕ್ ಅಲಾರಂ ಚೀರತೊಡಗಿತು. ನಾನು ತಮ್ಮನ ತೋಳು ಹಿಡಿದು ಮೇಜಿನ ಕೆಳಗೆ ಎಳೆದುಕೊಂಡೆ. ಅವನ ತಲೆ ಮೇಜಿನ ಕಾಲಿಗೆ ಬಡಿಯಿತು, ಆದರೂ ಅವನು ಅಳಲಿಲ್ಲ. ಅಳಬಾರದೆಂದು ಅವನಿಗೂ ಗೊತ್ತಿತ್ತು.

"ಬೆಂಕಿ ಬಿತ್ತೇನವ್ವಾ? ಏ, ಮಾತಾಡ್ರಿ!"

ಅವ್ವ ಬಾಗಿಲಿಗೆ ಹಣೆ ಹಚ್ಚಿ ಜಾಫ್ನಾದ ತಮಿಳಿನಲ್ಲಿ, ಏನೂ ಇಲ್ಲ ಏನೂ ಇಲ್ಲ ಎಂದಳು: "ಒಂಡುಮಿಲ್ಲೈ, ಒಂಡುಮಿಲ್ಲೈ."

ಅಲಾರಂ ತಾನಾಗಿ ನಿಂತ ಮೇಲೆ ಆಚೆಯ ದನಿ, ಈಗ ಸ್ವಲ್ಪ ಮೆಲ್ಲಗೆ, "ತಮಿಳ್ರು ಯಾವಾಗಿಂದ ರೊಟ್ಟಿ ಬಡಿಲಾಕ ಹತ್ತಿದ್ರಪಾ?" ಎಂದು ತನಗೆ ತಾನೇ ಕೇಳಿಕೊಂಡು ಹೋಯಿತು.

ಸಂಜೆ ಅಪ್ಪ ಬಂದ. ನಾನು ಕೇಳಿದ ಮೊದಲ ಚರ್ಚಾಸ್ಪರ್ಧೆ ಅದೇ. ಟಿವಿ ಜೋರಾಗಿತ್ತು, ಇಬ್ಬರ ದನಿ ಸಣ್ಣದಿತ್ತು.

"ಗೋಡೆ ಎಷ್ಟು ತೆಳ್ಳಗದ ಅಂತ ಗೊತ್ತಿಲ್ಲೇನು ನಿನಗ? ಯಾಕ ಬಡಿದಿ?"

"ಹಿಟ್ಟಿಗೆ ಹುಳ ಬೀಳ್ತಿತ್ತು."

"ಬೀಳಲಿ! ವಿಚಾರಣೆ ಇನ್ನ ಎರಡ ತಿಂಗಳ ಇರೂದು. ಆಕಿ ಗಂಡನ್ನ ನೋಡಿಯೇನು? ದಿನಾ ಟೈ ಕಟ್ಟಿ, ಕೊರಳಾಗ ಕಾರ್ಡ್ ಹಾಕ್ಕೊಂಡು ಹೋಗ್ತಾನ. ಯಾವ ಆಫೀಸಿಗೆ ಹೋಗ್ತಾನ ಹೇಳು ನೋಡೋಣ?"

"ನನಗೇನ್ ಗೊತ್ತ್ರಿ?"

"ಗೊತ್ತಿಲ್ಲಲ್ಲ? ಅದಕ್ಕ ಹೆದರ್ಬೇಕು."

ಅಪ್ಪನ ತರ್ಕದಲ್ಲಿ ಬಿರುಕು ಹುಡುಕಲು ಇವತ್ತಿಗೂ ನನಗೆ ಆಗಿಲ್ಲ. ಆಮೇಲೆ ಅವನು ಉತ್ತರಗಳನ್ನು ಕಟ್ಟತೊಡಗಿದ. ಯಾರಾದರೂ ಕೇಳಿದರೆ ಬಟ್ಟೆ ಒಗೆಯುತ್ತಿದ್ದೆ ಅನ್ನು. ಬೇಡ, ಅಡುಗೆಮನೆಯಲ್ಲಿ ಯಾರು ಒಗೆಯುತ್ತಾರೆ? ಗುಜರಾತಿ ಗೆಳತಿಯಿಂದ ಕಲಿತೆ ಅನ್ನು. ಯಾವ ಗೆಳತಿ? ಹೆಸರೇನು? ತಾನೇ ಕೇಳಿಕೊಂಡು ತಾನೇ ಸೋತ. ಅವ್ವ ಸುಟ್ಟ ಹಂಚನ್ನು ತಿಕ್ಕುತ್ತ ಹೇಳಿದಳು:

"ನಾ ಯಾವ ಊರಾಕಿ ಅಂತ ನೀವ ಒಂದು ಖಾತ್ರಿ ಮಾಡಿ ಹೇಳಿಬಿಡ್ರಿ. ಅದೇ ಊರಾಕಿ ಆಗ್ತೀನಿ. ಇಷ್ಟೆಲ್ಲ ಊರು ಬಿಟ್ಟಾಕಿಗೆ ಇನ್ನೊಂದು ಬಿಡೂದು ಏನು ಭಾರ?"

ಅಪ್ಪ ಟಿವಿಯ ದನಿ ಇನ್ನಷ್ಟು ಏರಿಸಿದ.

ಮುಂದಿನ ವಾರ ನಮ್ಮ ಬಾಗಿಲ ಹಿಡಿಕೆಗೆ ಒಂದು ಪ್ಲಾಸ್ಟಿಕ್ ಚೀಲ ನೇತುಬಿದ್ದಿತ್ತು. ಒಳಗೊಂದು ಡಬ್ಬಿ, ಅದರ ತುಂಬ ಶೇಂಗಾ ಹಿಂಡಿ, ರೊಟ್ಟಿಯ ಜೊತೆ ತಿನ್ನುವ ನಮ್ಮ ಕಡೆಯ ಚಟ್ನಿಪುಡಿ. ಬೆಳ್ಳುಳ್ಳಿಯ ವಾಸನೆ ಚೀಲ ದಾಟಿ ಬರುತ್ತಿತ್ತು. ಇದು ಪ್ರೀತಿಯೋ, ಪರೀಕ್ಷೆಯೋ? ಅಪ್ಪ ಪರೀಕ್ಷೆ ಎಂದ. ಅದನ್ನು ತಿಂದರೆ ಒಪ್ಪಿಕೊಂಡಂತೆ, ಎಸೆದರೆ ಅನುಮಾನ ಹೆಚ್ಚು, ಹಾಗೇ ಮರಳಿಸಿದರೆ ಮಾತಾಡಬೇಕಾಗುತ್ತದೆ. ಕೊನೆಗೆ ಡಬ್ಬಿ ಫ್ರಿಜ್ಜಿನ ಮೇಲೆ ಸಾಕ್ಷಿಯ ಹಾಗೆ ಕೂತಿತು. ಅವ್ವ ಮಾತ್ರ ದಿನಕ್ಕೊಂದು ಸಲ ಅದರ ಮುಚ್ಚಳ ತೆಗೆದು ಮೂಸಿ ಮತ್ತೆ ಮುಚ್ಚುತ್ತಿದ್ದಳು.

ಇನ್ನು ಲಿಫ್ಟಿನ ಸಂಗತಿ. ಇದನ್ನು ಕಾಕು ಎಂದೂ ಹೇಳುವುದಿಲ್ಲ. ಶಾಲೆಯಿಂದ ಬಂದು ನಾನು, ತಮ್ಮ, ಅವ್ವ ಲಿಫ್ಟಿನೊಳಗೆ ನಿಂತಿದ್ದೆವು. ಬಾಗಿಲು ಮುಚ್ಚುವಷ್ಟರಲ್ಲಿ ಕಾಕು ಒಳಗೆ ಬಂದರು. ಅವ್ವ ನೆಲ ನೋಡಿದಳು. ಕಾಕು ಅವಳನ್ನು ಬಿಟ್ಟು ತಮ್ಮನ ಕಡೆ ಬಗ್ಗಿದರು.

"ಏನ್ರೀ ಸಾಹೇಬ್ರ, ರೊಟ್ಟಿ ತಿಂತೀರೇನು?"

ತಮ್ಮ ಬಾಯಿ ಬಿಡಲಿಲ್ಲ. ಬಿಡಬಾರದೆಂದು ಕಲಿತಿದ್ದ. ಆದರೆ ತಲೆ ಆಡಿಸಬಾರದೆಂದು ಅವನಿಗೆ ಯಾರೂ ಕಲಿಸಿರಲಿಲ್ಲ. ಹೌದೆಂಬಂತೆ ದೊಡ್ಡದಾಗಿ ತಲೆಯಾಡಿಸಿದ.

ಕಾಕು ನೆಟ್ಟಗೆ ನಿಂತರು. ನಾಲ್ಕನೇ ಮಹಡಿ ಬರುವವರೆಗೂ ಗುಂಡಿಗಳ ಮೇಲೆ ಬೆಳಕು ಏರುವುದನ್ನೇ ನೋಡಿದರು. ಅವರ ತುಟಿ ಸ್ವಲ್ಪ ಮೇಲಕ್ಕೆ ಹೋಗಿತ್ತು. ಗೆದ್ದವರ ನಗೆ ಅದು; ನಾನು ಆಮೇಲೆ ಎಷ್ಟೋ ವೇದಿಕೆಗಳ ಮೇಲೆ ನೋಡಿದ್ದೇನೆ.

ವಿಚಾರಣೆಯ ದಿನ ಅಪ್ಪ, ಅವ್ವ ಇಬ್ಬರೂ ಬೆಳಿಗ್ಗೆ ಹೋಗಿ ಸಂಜೆ ಬಂದರು. ಅಪ್ಪನ ಬೆನ್ನಿನ ಗುರುತುಗಳ ಬಗ್ಗೆ ಡಾಕ್ಟರರ ವರದಿ ಓದಿದರಂತೆ. ಅವ್ವನನ್ನು ಕೇಳಿದ್ದು ಕಡಿಮೆಯಂತೆ. ಶ್ರೀಲಂಕಾದ ಹೊರಗೆ ನಿಮ್ಮವರು ಯಾರಾದರೂ ಇದ್ದಾರೆಯೇ ಎಂದು ಕೇಳಿದಾಗ ಅವಳು ಇಲ್ಲ ಎಂದಳಂತೆ. ಇದನ್ನು ನಮಗೆ ಹೇಳಿದ್ದು ಅಪ್ಪ. ಅವ್ವ ಕೋಟು ಕೂಡ ಬಿಚ್ಚದೆ ಕೂತಿದ್ದಳು. ಅಜ್ಜ ಇನ್ನೂ ಬದುಕಿದ್ದ ಕಾಲ ಅದು. ತೀರ್ಪು ಆಮೇಲೆ ತಿಳಿಸುತ್ತೇವೆ ಎಂದಿದ್ದರು.

ಒಂದೆರಡು ದಿನ ಕಳೆದಿರಬೇಕು. ಅಪ್ಪ ಗೋದಾಮಿನ ಕೆಲಸಕ್ಕೆ ಹೋದ ಮೇಲೆ ಅವ್ವ ಮತ್ತೆ ನೀರು ಕಾಯಿಸಿದಳು. ಈ ಸಲ ಬಡಿಯುವಾಗ ಟಿವಿ ಹಚ್ಚಲಿಲ್ಲ. ಫ್ರಿಜ್ಜಿನ ಮೇಲಿನ ಡಬ್ಬಿ ಇಳಿಸಿ, ಹಿಂಡಿಯನ್ನು ಬೇರೆ ಪಾತ್ರೆಗೆ ಸುರಿದು, ಡಬ್ಬಿ ತೊಳೆದು ಒರೆಸಿದಳು. ಖಾಲಿ ಡಬ್ಬಿ ಮರಳಿಸುವ ಪದ್ಧತಿ ನಮ್ಮಲ್ಲಿ ಇಲ್ಲ. ರೊಟ್ಟಿಗಳನ್ನು ಮಡಚಿ ಅದರಲ್ಲಿ ತುಂಬಿ, ತಮ್ಮನನ್ನು ಸೊಂಟಕ್ಕೇರಿಸಿ, ನನ್ನನ್ನು ಕರೆದಳು.

"ಎಲ್ಲಿಗೆ?" ಎಂದೆ.

"ಬಾಜು ಮನಿಗೆ."

"ಅಪ್ಪ ಬೈತಾನ."

"ಬೈಲಿ."

ಕಾಕು ಬಾಗಿಲು ತೆಗೆದರು. ಅವ್ವ ಡಬ್ಬಿ ಮುಂದೆ ಹಿಡಿದು, ಒಂದೂವರೆ ವರ್ಷದಲ್ಲಿ ಮೊದಲ ಸಲ ನಮ್ಮ ಮನೆಯಾಚೆ ಕನ್ನಡ ಮಾತಾಡಿದಳು: "ನಾ ಧಾರವಾಡದಾಕಿ ಇದ್ದೀನ್ರಿ."

ತೆಕ್ಕೆ ಬೀಳಲಿಲ್ಲ. ಕಾಕು ಮೊದಲು ಮಾಡಿದ ಕೆಲಸ ಬೈಯುವುದು. "ಗೊತ್ತೈತಿ ನನಗ! ಮತ್ತ ಇಷ್ಟು ದಿನ ನನ್ನ ಮುಂದ ತಮಿಳಿನ ಸೋಗು ಹಾಕಿದ್ದಿ? ನಾವೇನು ಹುಲೀನು, ಕರಡೀನು? ಒಳಗ ಬಾ."

ಒಳಗೆ ಕಾಕುವಿನ ಗಂಡ, ಕಾಕಾ, ಅದೇ ಕಾರ್ಡು ಕೊರಳಲ್ಲಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದರು. ಅವರು ಟ್ಯೂಬ್ ರೈಲಿನ ಸ್ಟೇಷನ್ನಿನ ಕಿಟಕಿಯಲ್ಲಿ ಟಿಕೆಟ್ ಕೊಡುವವರು ಎಂಬುದು ಆಗ ಗೊತ್ತಾಯಿತು. ನಾವು ತಿಂಗಳುಗಟ್ಟಲೆ ಹೆದರಿದ್ದು ಒಬ್ಬ ಟಿಕೆಟ್ ಮಾಸ್ತರರಿಗೆ. ನನಗೆ ನಗು ಬರುವುದರಲ್ಲಿತ್ತು, ಆದರೆ ಅವ್ವ ಆಗಲೇ ಹೇಳತೊಡಗಿದ್ದಳು. ತಡೆಯಲು ಯಾರಿಗೂ ಆಗಲಿಲ್ಲ. ಅಜ್ಜ, ಜಾಫ್ನಾ, ಬಾವಿಕಟ್ಟೆ, ಏಜೆಂಟ್ ಹೇಳಿಕೊಟ್ಟ ಸುಳ್ಳು, ವಿಚಾರಣೆಯಲ್ಲಿ ತಾನು ಇಲ್ಲ ಎಂದದ್ದು, ಇನ್ನೂ ಬಾರದ ತೀರ್ಪು. ಎಲ್ಲವನ್ನೂ ಹೇಳಿ ಮುಗಿಸಿದಾಗ ಅವಳ ಮುಖ ಜ್ವರ ಇಳಿದವರ ಮುಖದಂತಿತ್ತು.

ಜ್ವರ ಈಗ ಕಾಕುವಿಗೆ ಹತ್ತಿತ್ತು. ಅವರ ಮುಖದ ಬಣ್ಣ ಹೋಗುವುದನ್ನು ನಾನು ನೋಡಿದೆ. ಕಾಕಾ ಚಹಾದ ಕಪ್ಪು ಕೆಳಗಿಟ್ಟರು.

"ಇದನ್ನ ನಮಗ್ಯಾಕ ಹೇಳಿದಿ?" ಎಂದರು ಕಾಕು. ದನಿ ಬೇರೆಯೇ ಆಗಿತ್ತು. "ನಮ್ಮ ಹಿರಿ ಮಗನ ವೀಸಾ ಇನ್ನಾ ಬಂದಿಲ್ಲ. ಅದೇ ಸರಕಾರದವ್ರ ಕೈಯಾಗೈತಿ. ನಾಳೆ ಯಾರರ ಬಂದು ಕೇಳಿದ್ರ ನಾವು ಸುಳ್ಳು ಹೇಳಬೇಕೇನು? ನೀ ಹೇಳದಿದ್ರ ನಮಗೂ ಗೊತ್ತಿಲ್ಲ ಅಂತ ಇರ್ತಿದ್ವಿ. ಹೋಗವ್ವ. ಹುಡುಗ್ರನ್ನ ಕರಕೊಂಡು ಹೋಗು. ನೀ ಇಲ್ಲಿ ಬಂದಿಲ್ಲ, ನಾವು ಏನೂ ಕೇಳಿಲ್ಲ."

ನಾವು ಹೊರಗೆ ನಿಂತಾಗ ಬಾಗಿಲು ಮುಚ್ಚಿತು. ಸರಪಳಿ ಹಾಕಿದ ಸಪ್ಪಳವೂ ಕೇಳಿತು. ಡಬ್ಬಿ ಒಳಗೇ ಉಳಿಯಿತು.

ಕಾಕುವನ್ನು ನಾನು ಇದಕ್ಕಾಗಿ ದೂರುವುದಿಲ್ಲ. ಅವರ ಜಾಗದಲ್ಲಿ ನಿಂತು ವಾದಿಸು ಎಂದರೆ ಚೆನ್ನಾಗಿಯೇ ವಾದಿಸಬಲ್ಲೆ. ಅವರೂ ತಾಯಿ, ಅವರ ಮಗನೂ ಸಮುದ್ರದಾಚೆ ಕಾಯುತ್ತಿದ್ದ. ಕೇಳದೆ ಇದ್ದವರ ಮಡಿಲಿಗೆ ಅವ್ವ ತನ್ನ ಭಯವನ್ನು ಇಟ್ಟು ಬಂದಿದ್ದಳು. ಆದರೆ ಆಮೇಲಿನ ದಿನಗಳು ಇದ್ದವಲ್ಲ, ಅವನ್ನು ಕತೆಯಿಂದ ತೆಗೆಯುವುದು ಹೇಗೆ? ಲಿಫ್ಟಿನ ಬಳಿ ನಮ್ಮನ್ನು ಕಂಡರೆ ಕಾಕು ಮೆಟ್ಟಿಲು ಹಿಡಿಯುತ್ತಿದ್ದರು. ಗೋಡೆಯಾಚೆ ಅವರ ಪಾತ್ರೆಗಳೂ ಮೆಲ್ಲಗಾದವು. ಅವ್ವ ಅಪ್ಪನಿಗೆ ಏನೂ ಹೇಳಲಿಲ್ಲ, ನಾವೂ ಹೇಳಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅಪ್ಪ, "ಇನ್ನ ಭಾಳ ದಿನ ಇಲ್ಲ, ಯಾರಿಗೂ ಗೊತ್ತಾಗಿಲ್ಲಲ್ಲ, ಅಷ್ಟು ಸಾಕು" ಎನ್ನುವನು. ಅವ್ವ ಅನ್ನ ಬಡಿಸುವಳು.

ಆ ದಿನಗಳಲ್ಲೇ ಒಂದು ಬೆಳಿಗ್ಗೆ. ನನಗೆ ಕೆಮ್ಮು, ಶಾಲೆಗೆ ಹೋಗಿರಲಿಲ್ಲ. ಹೊರಗೆ ಬೂಟಿನ ಸಪ್ಪಳ ಬಂತು. ಸ್ಟೂಲು ಹತ್ತಿ ಬಾಗಿಲ ಕಿಂಡಿಯಿಂದ ನೋಡಿದೆ. ಕರಿ ಕೋಟಿನ ಒಬ್ಬ ಬಿಳಿಯ ಮನುಷ್ಯ ಕಾಕುವಿನ ಬಾಗಿಲ ಮುಂದೆ ನಿಂತಿದ್ದ. ಕಿಂಡಿಯಲ್ಲಿ ಅವನ ಅರ್ಧ ಭುಜ, ಒಂದು ಕೈ ಕಾಣುತ್ತಿತ್ತು. ಕಾಕು ಕಾಣುತ್ತಿರಲಿಲ್ಲ, ಅವರ ಇಂಗ್ಲಿಷಿನ ದನಿ ಮಾತ್ರ, ಅದೂ ತುಂಡು ತುಂಡಾಗಿ. ಅವನು ಏನೋ ಕೇಳಿದ. ಅವನ ಕೈಯ ಪೆನ್ನು ತಿರುಗಿ ನೇರವಾಗಿ ನಮ್ಮ ಬಾಗಿಲನ್ನು ತೋರಿಸಿತು. ಆ ಪೆನ್ನು ನನ್ನ ಕಣ್ಣಿಗೇ ಗುರಿಯಿಟ್ಟಂತಿತ್ತು. ಕಾಕುವಿನ ಉತ್ತರ ಉದ್ದವಾಗಿತ್ತು. ಹೌದು, ಇಲ್ಲ ಎಂಬುದಕ್ಕಿಂತ ಬಹಳ ಉದ್ದ. ನಾನು ಹಿಂದೆ ತಿರುಗಿ ನೋಡಿದರೆ ಅವ್ವ ಅಡುಗೆಮನೆಯ ಗೋಡೆಗೆ ಕಿವಿ ಹಚ್ಚಿ ನಿಂತಿದ್ದಳು, ತಮ್ಮನ ಬಾಯಿಯ ಮೇಲೆ ಕೈಯಿಟ್ಟು. ಮನುಷ್ಯ ಹೋದ. ನಮ್ಮ ಬಾಗಿಲು ಬಡಿಯಲಿಲ್ಲ. ಬಡಿಯದೆ ಹೋದದ್ದು ಬಡಿದದ್ದಕ್ಕಿಂತ ಕೆಟ್ಟದು ಎಂದು ಆ ವಾರವೆಲ್ಲ ನನಗೆ ಅನಿಸಿತು. ಅವ್ವ ನಮ್ಮ ಬಟ್ಟೆಗಳನ್ನು ಮಡಚಿ ಒಂದು ಬ್ಯಾಗಿನಲ್ಲಿಟ್ಟಳು. ಅಪ್ಪ ಇದೇನೆಂದು ಕೇಳಿದಾಗ, "ಕಪಾಟಿನ್ಯಾಗ ಜಾಗಾ ಇಲ್ಲ" ಎಂದಳು.

ತೀರ್ಪು ನಮ್ಮ ಕಡೆ ಆಯಿತು. ಉಳಿದುಕೊಳ್ಳಬಹುದು ಎಂದರು. ಅಪ್ಪ ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಹೊರಗೆ ಬರಲಿಲ್ಲ. ಸುದ್ದಿ ಗೋಡೆ ದಾಟಿರಬೇಕು. ಅವತ್ತೇ ಸಂಜೆ ಕಾಕು ಬಂದರು. ಕೈಯಲ್ಲಿ ಅದೇ ಡಬ್ಬಿ, ಅದರ ತುಂಬ ಬೆಲ್ಲದ ಗೋಧಿ ಹುಗ್ಗಿ. ಆಗ ಅವ್ವ ತೆಕ್ಕೆ ಬಿದ್ದು ಅತ್ತಳು. ಕಾಕುವೂ ಅತ್ತರು. ಕತೆಯ ಆ ಭಾಗ ಸಂಪೂರ್ಣ ಸತ್ಯ. ಜಾಗ ಮಾತ್ರ ಬದಲಾಗಿದೆ.

ಆಮೇಲೆ ಅವರು ನಮ್ಮವರೇ ಆದರು, ಅದೂ ನಿಜ. ಅವರ ಮಗನ ವೀಸಾ ಬಂತು, ಅಜ್ಜ ಧಾರವಾಡದಿಂದ ಹಳೆಯ ವಾರಪತ್ರಿಕೆಗಳ ಕಟ್ಟು ಕಳಿಸುವಷ್ಟು ಮೆತ್ತಗಾದ, ಅವ್ವ ಅವುಗಳಿಂದ ನನಗೆ ಕನ್ನಡ ಓದಲು, ಬರೆಯಲು ಕಲಿಸಿದಳು. ಆ ಬೆಳಗಿನ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ. ಗ್ಯಾಸ್ ಮೀಟರಿನವನೇ ಇರಬಹುದು. ಏನೋ ಮಾರಲು ಬಂದವನೇ ಇರಬಹುದು. ಮೀಟರಿನವನು ನಮ್ಮ ಬಾಗಿಲನ್ನೂ ಬಡಿಯಬೇಕಿತ್ತಲ್ಲ ಎಂದು ನನ್ನೊಳಗಿನ ಎದುರಾಳಿ ಇವತ್ತಿಗೂ ಕೇಳುತ್ತಾನೆ. ಕಾಕು ಅಂದು ನಮ್ಮನ್ನು ಉಳಿಸಿದರೇ, ಹಿಡಿದುಕೊಟ್ಟರೂ ಅದು ತೀರ್ಪಿನವರೆಗೆ ತಲುಪಲಿಲ್ಲವೇ, ಅಥವಾ ಅಲ್ಲಿ ಉಳಿಸುವ ಮಾತೇ ಇರಲಿಲ್ಲವೇ? ಇದಕ್ಕೆ ಸಾಕ್ಷಿ ಒಬ್ಬರೇ.

ಈ ವರ್ಷದ ಯುಗಾದಿಯಲ್ಲೂ ಕತೆ ಆಯಿತು, ಚಪ್ಪಾಳೆಯೂ ಆಯಿತು. ಆಮೇಲೆ ಹಾಲಿನ ಅಡುಗೆಮನೆಯಲ್ಲಿ ಕಾಕು ದೊಡ್ಡ ಪಾತ್ರೆಗಳನ್ನು ತೊಳೆಯುತ್ತಿದ್ದರು, ನಾನು ಒರೆಸುತ್ತಿದ್ದೆ, ಅವ್ವ ಉಳಿದ ಅನ್ನವನ್ನು ತುಂಬುತ್ತಿದ್ದಳು.

"ಕಾಕು, ಒಂದು ಮಾತು ಕೇಳ್ಲಾ?"

"ಕೇಳವಾ ವಕೀಲ್ತಿ. ನಿನ್ನ ಬಾಯಿ ಯಾರು ಕಟ್ಯಾರ?"

ಅವ್ವ ನನ್ನ ಮುಖ ನೋಡಿದಳು. ಏನು ಕೇಳುತ್ತೇನೆಂದು ಅವಳಿಗೆ ಗೊತ್ತಾಯಿತು. "ಸುಮ್ನಿರು" ಎಂದಳು, ಮೆಲ್ಲಗೆ, ಟಿವಿ ಹಚ್ಚಿಟ್ಟ ದಿನಗಳ ದನಿಯಲ್ಲಿ.

ನಾನು ಸುಮ್ಮನಿರಲಿಲ್ಲ.

"ತೀರ್ಪು ಬರೂಕಿಂತ ಮೊದಲ ಒಂದು ಮುಂಜಾನೆ ಕರಿ ಕೋಟಿನಾಂವ ನಿಮ್ಮ ಬಾಗಲಕ್ಕ ಬಂದಿದ್ನಲ್ಲ, ಕಾಕು. ನಮ್ಮ ಬಾಗಲಾ ತೋರ್ಸಿ ಆಂವ ನಿಮ್ಮನ್ನ ಏನು ಕೇಳಿದ, ನೀವು ಏನಂತ ಹೇಳಿದ್ರಿ?"